ಹಳೆ ಬಂಕಿನ ಶ್ರುತಿ

ಬಡಾವಣೆಯ ಹಿರಿಯರು ಅವನ್ನು ನೆಮ್ಮದಿ ಕಂಬ ಎನ್ನುತ್ತಿದ್ದರು. ಮಕ್ಕಳು ಕರೆಯುತ್ತಿದ್ದದ್ದು ಕೀರ್ಲು ಎಂದು. ಕಂಬ ಅದೇ, ಕಿವಿ ಮಾತ್ರ ಬೇರೆ.

ಮನುಷ್ಯನ ಕಿವಿ ಹುಟ್ಟುವಾಗ ತಂದ ಸಂಪತ್ತನ್ನು ಮೇಲಿನ ತುದಿಯಿಂದ ಕಳೆದುಕೊಳ್ಳುತ್ತ ಬರುತ್ತದೆ. ಅತಿ ಎತ್ತರದ ಸ್ವರಗಳು ಮೊದಲು ಹೋಗುತ್ತವೆ. ಸೆಕೆಂಡಿಗೆ ಹದಿನೇಳು ಸಾವಿರ ಸಲ ನಡುಗುವ ಸದ್ದು ಹದಿನೈದರ ಹುಡುಗಿಗೆ ಸೂಜಿಯಂತೆ ನಾಟುತ್ತದೆ. ಪಕ್ಕದಲ್ಲೇ ನಿಂತ ತಾಯಿಯ ಪಾಲಿಗೆ ಅದು ಇಲ್ಲವೇ ಇಲ್ಲ. ಈ ಒಂದು ಸಂಗತಿಯ ಮೇಲೆ ನಿಶಾಂತ ಎಂಬ ಕಂಪನಿ ನಿಂತಿತ್ತು. ಬಿಸಿಲು ಏರಿ ಏರಿ, ಹಗಲಿನ ಮುಕ್ಕಾಲು ಕೆಲಸ ರಾತ್ರಿ ಪಾಳಿಗೆ ಸರಿದ ವರ್ಷಗಳು ಅವು. ಮೈಸೂರಿನ ಎಷ್ಟೋ ಮನೆಗಳಲ್ಲಿ ರಾತ್ರಿ ಹೊತ್ತು ಅಪ್ಪನೂ ಇರುತ್ತಿರಲಿಲ್ಲ, ಅಮ್ಮನೂ ಇರುತ್ತಿರಲಿಲ್ಲ. ಕಾದ ಗೋಡೆಗಳ ನಡುವೆ ಕೂರಲಾರದ ಮಕ್ಕಳು ಬೀದಿಗೆ ಬರುತ್ತಿದ್ದರು. ಪಾರ್ಕಿನ ಕಟ್ಟೆ, ಬಸ್ ನಿಲ್ದಾಣ, ಮುಚ್ಚಿದ ಅಂಗಡಿಗಳ ಮೆಟ್ಟಿಲು ಎಲ್ಲ ಅವರದೇ ಆಗಿತ್ತು. ಅವರನ್ನು ಬಯ್ಯದೆ, ಹೊಡೆಯದೆ, ಪೊಲೀಸರನ್ನು ಕರೆಯದೆ ಮನೆಗೆ ಕಳಿಸುವ ಉಪಾಯ ಬಡಾವಣೆಯ ಸಂಘಗಳಿಗೆ ಬೇಕಾಗಿತ್ತು. ನಿಶಾಂತದವರು ಕಂಬ ನೆಟ್ಟರು. ರಾತ್ರಿ ಹತ್ತಕ್ಕೆ ಕಂಬ ಕೂಗಲು ಶುರುಮಾಡಿದರೆ ಮಕ್ಕಳು ಕಿವಿ ಮುಚ್ಚಿಕೊಂಡು ಏಳುತ್ತಿದ್ದರು. ದೊಡ್ಡವರು ಏನೂ ಕೇಳಿಸದೆ, ಊರು ತಣ್ಣಗಾಯಿತು ಎಂದುಕೊಂಡು ಮಲಗುತ್ತಿದ್ದರು.

ಮಂದಾಕಿನಿ ಆ ಕಂಪನಿಯಲ್ಲಿ ಧ್ವನಿ ಎಂಜಿನಿಯರು. ನಿಯಂತ್ರಣ ಕೊಠಡಿಯ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅವಳ ಪಾಲಿನ ಬಡಾವಣೆಗಳ ನಕ್ಷೆ ಇರುತ್ತಿತ್ತು. ಮುಖ ತೋರಿಸಕೂಡದೆಂಬ ಕಾನೂನಿದ್ದುದರಿಂದ ಮನುಷ್ಯರೆಲ್ಲ ಬರೀ ಕೆಂಪು ಚುಕ್ಕೆಗಳು, ಮೈಯ ಬಿಸಿಯನ್ನು ಅಳೆದು ಇಟ್ಟ ಚುಕ್ಕೆಗಳು. ಹತ್ತು ಗಂಟೆಗೆ ಗುಂಪುಗಳು ಎರಚಿದ ಅಕ್ಷತೆಯ ಹಾಗೆ ಚೆದರುತ್ತಿದ್ದವು. ಒಂದು ಗುಂಪು ಮಾತ್ರ ಚೆದರುತ್ತಿರಲಿಲ್ಲ. ಪೆಟ್ರೋಲ್ ಗಾಡಿಗಳು ಹೋದ ಮೇಲೆ ಪಾಳುಬಿದ್ದ ಹಳೆ ಬಂಕೊಂದಿತ್ತು, ತಗಡಿನ ಚಪ್ಪರವಷ್ಟೇ ಉಳಿದದ್ದು. ಅಲ್ಲಿ ಹತ್ತು ಗಂಟೆಯವರೆಗೆ ಯಾರೂ ಇರುತ್ತಿರಲಿಲ್ಲ. ಕಂಬ ಕೂಗತೊಡಗಿದ ಮೇಲೆ ಚುಕ್ಕೆಗಳು ಒಂದೊಂದಾಗಿ ಬಂದು ಸೇರುತ್ತಿದ್ದವು.

ಮೇಲಧಿಕಾರಿ ಶ್ರೀಕಂಠಸ್ವಾಮಿ ಅವಳ ಕುರ್ಚಿಯ ಹಿಂದೆ ಬಂದು ನಿಂತು, ಕಾಫಿ ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಕೇಳಿದರು.

"ಮಂದಾಕಿನಿಯವ್ರೇ, ನಿಮ್ಮ ಏರಿಯಾದ ಮಕ್ಕಳೇನು ಕಿವುಡೇ?"

"ಕಂಬ ಸರಿಯಾಗೇ ಇದೆ ಸಾರ್. ಜೋರು, ಕಂಪನ ಎಲ್ಲ ನೋಡಿದೀನಿ."

"ಮತ್ತೆ ಹೊಡೆಯೋ ಕೋಲಿನ ಹತ್ರಾನೇ ಯಾಕ್ರೀ ಬಂದು ಕೂತ್ಕೋತಾರೆ? ಸಂಘದ ಅಧ್ಯಕ್ಷೆ ದಿನಾ ಫೋನ್ ಮಾಡ್ತಾರೆ. 'ಗಲಾಟೆ ಮಾಡ್ತಾರೇನಮ್ಮಾ' ಅಂದ್ರೆ, 'ಇಲ್ಲ ಕಣ್ರೀ, ಗಲಾಟೆ ಮಾಡಿದ್ರೆ ಬಯ್ಬೋದಿತ್ತು, ಸುಮ್ನೆ ಕೂತು ಏನೋ ಗುನುಗ್ತಾವೆ, ಅದೇ ಭಯ' ಅಂತಾರೆ."

ಮಂದಾಕಿನಿ ನಕ್ಕಳು. ಶ್ರೀಕಂಠಸ್ವಾಮಿ ನಗಲಿಲ್ಲ.

ಮಂದಾಕಿನಿಯ ಮಗಳು ಧಾತ್ರಿಗೆ ಹದಿನೈದು. ಗಂಡ ಪ್ರಹ್ಲಾದ ರೈಲ್ವೆಯಲ್ಲಿ ಗಾರ್ಡು, ವಾರದ ಅರ್ಧ ಹಳಿಯ ಮೇಲೆಯೇ ಕಳೆಯುತ್ತಿತ್ತು. ಮಂದಾಕಿನಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಗಳು ಮುಸುಕು ಹಾಕಿ ಮಲಗಿರುತ್ತಿದ್ದಳು. ತಾಯಿ ಮಗಳ ಮಾತೆಲ್ಲ ಬೆಳಗಿನ ತಿಂಡಿಯ ಹೊತ್ತಿಗೇ.

ಕಂಬ ನೆಟ್ಟ ಹೊಸದರಲ್ಲಿ ಧಾತ್ರಿ ನಿದ್ದೆಯಿಲ್ಲದೆ ಒಣಗಿಹೋಗಿದ್ದಳು. ಬೀದಿಯ ತಿರುವಿನಲ್ಲೇ ಒಂದು ಕಂಬವಿತ್ತು. ಕಿವಿಗೆ ಹತ್ತಿ ತುರುಕಿ, ತಲೆಯ ಮೇಲೆ ದಿಂಬು ಒತ್ತಿಕೊಂಡು, ಕೊನೆಗೆ ಬಚ್ಚಲುಮನೆಯ ನೆಲದ ಮೇಲೆ ಮಲಗಿ ನೋಡಿದ್ದಳು. ಮಂದಾಕಿನಿ ಕಚೇರಿಯಿಂದ ಮೀಟರ್ ತಂದು, ಕಿಟಕಿ ಹಾಕಿ, ಅಳೆದು ತೋರಿಸಿದ್ದಳು: ಇಗೋ ನೋಡು, ಒಳಗೆ ಬರುವ ಸದ್ದು ಮಿತಿಗಿಂತ ಕಡಿಮೆ.

"ಮೀಟರ್‌ಗೆ ನಿದ್ದೆ ಬೇಡಮ್ಮ," ಎಂದಿದ್ದಳು ಧಾತ್ರಿ. "ನಂಗೆ ಬೇಕು."

ಆ ಮಾತು ಮಂದಾಕಿನಿಯ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈಚೆಗೆ ಮಾತ್ರ ಮಗಳ ಮುಖ ತಿಳಿಯಾಗಿತ್ತು. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ಆ ದಿನ ಬೆಳಿಗ್ಗೆ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತ ತಾಯಿ ಕೇಳಿದಳು.

"ತಲೆನೋವು ಹೇಗಿದೆಯೇ?"

"ಇಲ್ಲ."

"ನೋಡಿದ್ಯಾ? ಅಭ್ಯಾಸ ಆಗತ್ತೆ ಅಂತ ನಾನು ಅವತ್ತೇ ಅಂದಿದ್ದೆ."

ಧಾತ್ರಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅಭ್ಯಾಸ ಆಗಿಲ್ಲಮ್ಮ. ನಿಂಗೆ ಒಂದೇ ಒಂದು ರಾತ್ರಿ ಕೇಳ್ಸಿದ್ರೆ ಈ ಮಾತು ಆಡ್ತಿರ್ಲಿಲ್ಲ."

"ಮತ್ತೆ ನಿದ್ದೆ ಹೇಗ್ ಬರ್ತಿದೆ?"

"ಬರ್ತಿದೆ. ಬಿಡು."

ತಟ್ಟೆ ಎತ್ತಿಕೊಂಡು ಎದ್ದುಹೋದಳು. ಮಂದಾಕಿನಿ ಹಿಂದೆ ಹೋಗಿ ಕೇಳಲಿಲ್ಲ. ಬಂದ ನಿದ್ದೆಯನ್ನು ಪ್ರಶ್ನೆ ಕೇಳಿ ಓಡಿಸುವುದು ಬೇಡವೆನಿಸಿತು.

ಅಂದು ಸಂಜೆ ಶ್ರೀಕಂಠಸ್ವಾಮಿ ಅವಳನ್ನು ತಮ್ಮ ಕೋಣೆಗೆ ಕರೆದರು. ಬಾಗಿಲು ಮುಂದೆ ಮಾಡಿ, ಕೂರಲು ಹೇಳಿದರು. ಕೆಟ್ಟ ಮನುಷ್ಯರಲ್ಲ, ಹೇಳಬೇಕಾದ್ದು ಅವರಿಗೂ ರುಚಿಸಿರಲಿಲ್ಲ.

"ಬಂಕಿನ ಸುತ್ತ ಇರೋ ಮೂರು ಕಂಬಾನೂ ನಾಳೆಯಿಂದ ಎರಡನೇ ಹಂತಕ್ಕೆ ಏರಿಸಿ ಅಂತ ಮೇಲಿಂದ ಬಂದಿದೆ."

"ಸಾರ್, ಎರಡನೇ ಹಂತ ಅಂದ್ರೆ... ಪ್ರಯೋಗದಲ್ಲಿ ಮಕ್ಕಳು ವಾಂತಿ ಮಾಡ್ಕೊಂಡಿದ್ರಲ್ಲ."

"ಅದಕ್ಕೇ ನಿಮ್ಮನ್ನ ಕರೆದಿದ್ದು. ಅಷ್ಟರೊಳಗೆ ಏನು ತಪ್ಪಿದೆ ಅಂತ ಹುಡುಕಿ, ನೀವೇ ಸರಿ ಮಾಡ್ಬಿಡಿ. ಗುಂಪು ಚೆದರಿದ್ರೆ ನಾನು ಏರಿಸೋಕೆ ಹೋಗಲ್ಲ. ಇಷ್ಟೇ ನನ್ನ ಕೈಯಲ್ಲಿರೋದು."

ಮಂದಾಕಿನಿ ತನ್ನ ಜಾಗಕ್ಕೆ ಬಂದು ಮೂರು ಕಂಬಗಳ ಅಂಕಿಗಳನ್ನು ಪರದೆಯ ಮೇಲೆ ತೆರೆದಳು. ಅಕ್ಕಪಕ್ಕದ ಕಂಬಗಳೆಲ್ಲ ಒಂದೇ ಸ್ವರದಲ್ಲಿ ಕೂಗಿದರೆ ಅಲೆಗಳು ಒಂದನ್ನೊಂದು ನುಂಗಿ, ಅಲ್ಲಲ್ಲಿ ಸದ್ದೇ ಇಲ್ಲದ ಜಾಗಗಳು ಉಂಟಾಗುತ್ತವೆ. ಹಾಗಾಗದಿರಲು ಒಂದೊಂದು ಕಂಬಕ್ಕೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಕೊಡಬೇಕು. ಎಷ್ಟು ವ್ಯತ್ಯಾಸ ಎಂದು ಕಂಪನಿಯ ಕೈಪಿಡಿ ಹೇಳಿರಲಿಲ್ಲ. ಎಂಜಿನಿಯರಿನ ಇಷ್ಟಕ್ಕೆ ಬಿಟ್ಟಿತ್ತು. ಆ ಅಂಕಿಗಳನ್ನು ಹಾಕಿದ್ದವಳು ಅವಳೇ. ಯಾಕೆ ಅವೇ ಅಂಕಿ ಎಂದು ಈಗ ನೆನೆದುಕೊಂಡಳು. ಯೋಚಿಸಿ ಹಾಕಿದ್ದಲ್ಲ. ಬೆರಳು ತಾನಾಗಿ ಒತ್ತಿದ್ದು.

ಅವಳ ತಂದೆ ಸೀತಾರಾಮಯ್ಯ ಶ್ರಾವಣ ಮಾಸವಿಡೀ ತಂಬೂರಿಯ ಶ್ರುತಿಗೆ ರಾಗವಾಗಿ ಕಾವ್ಯ ಓದುತ್ತಿದ್ದವರು. ತೊಟ್ಟಿಯ ಪಕ್ಕದಲ್ಲಿ ಚಾಪೆ, ನಂದಾದೀಪ, ಕೇಳಲು ಬಂದ ಬೀದಿಯ ಜನ. ಮಂದಾಕಿನಿ ತಂಬೂರಿಯ ಬುರುಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅರ್ಥವಾದದ್ದು ಅಷ್ಟಕ್ಕಷ್ಟೆ, ತಂದೆಯ ಆಧಾರ ಸ್ವರ ಷಡ್ಜ ಮಾತ್ರ ಬೆನ್ನುಮೂಳೆಯ ಮೂಲಕ ಒಳಗಿಳಿದು ಅಲ್ಲೇ ಉಳಿದಿತ್ತು. ಮುಂದೆ ಎಂಜಿನಿಯರಿಂಗ್ ಓದುವಾಗ ಪ್ರಯೋಗಶಾಲೆಯಲ್ಲಿ ಅದರ ಕಂಪನವನ್ನು ಅಳೆದಿದ್ದಳು. ಅಂದಿನಿಂದ ಯಾವುದಾದರೂ ಅಂಕಿ ಬೇಕಾದಾಗ ಅವಳ ಕೈ ಹಾಕುತ್ತಿದ್ದದ್ದು ಅದನ್ನೇ. ಮೊದಲ ಕಂಬಕ್ಕೂ ಎರಡನೆಯದಕ್ಕೂ ನಡುವೆ ಇಟ್ಟಿದ್ದ ವ್ಯತ್ಯಾಸ ತಂದೆಯ ಷಡ್ಜ. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ, ಅದರ ಪಂಚಮ.

ಎರಡು ಎತ್ತರದ ಸ್ವರಗಳು ಸಮಬಲದಲ್ಲಿ ಒಟ್ಟಿಗೆ ಕಿವಿಗೆ ಬಿದ್ದರೆ ಕಿವಿ ಸುಮ್ಮನಿರುವುದಿಲ್ಲ. ಅವೆರಡರ ವ್ಯತ್ಯಾಸವನ್ನು ತಾನೇ ಮೂರನೆಯ ಸ್ವರವಾಗಿ ಹುಟ್ಟಿಸಿಕೊಳ್ಳುತ್ತದೆ. ಆ ಸ್ವರ ಗಾಳಿಯಲ್ಲಿರುವುದಿಲ್ಲ, ಕೇಳುವವರ ಒಳಗೇ ಇರುತ್ತದೆ. ಬೇರೆ ಎಲ್ಲ ಕಡೆ ಒಂದು ಕಂಬ ಹತ್ತಿರ, ಇನ್ನೊಂದು ದೂರ. ಹತ್ತಿರದ್ದರ ಕೀರಲಷ್ಟೇ ಕೇಳುತ್ತದೆ. ಬಂಕಿನ ತಗಡಿನ ಚಪ್ಪರ ಮಾತ್ರ ಮೂರು ಕಂಬಗಳ ಸದ್ದನ್ನೂ ಬೊಗಸೆಯಲ್ಲಿ ಹಿಡಿದಂತೆ ಹಿಡಿದು ಕೆಳಗೆ ಸುರಿಯುತ್ತಿತ್ತು. ಮಂದಾಕಿನಿ ಲೆಕ್ಕ ಹಾಕಿದಳು. ಷಡ್ಜ ಬಂತು. ಪಂಚಮ ಬಂತು. ಪಂಚಮಕ್ಕೂ ಷಡ್ಜಕ್ಕೂ ಇರುವ ವ್ಯತ್ಯಾಸ ನೋಡಿದರೆ, ಅದು ಒಂದು ಸ್ಥಾಯಿ ಕೆಳಗಿನ ಮಂದ್ರ ಷಡ್ಜ.

ಮಕ್ಕಳನ್ನು ಓಡಿಸಲು ನೆಟ್ಟ ಕಂಬಗಳಿಂದ ಅವಳು ತಂಬೂರಿ ಕಟ್ಟಿಟ್ಟಿದ್ದಳು, ಅದನ್ನು ಕೇಳುವ ಕಿವಿ ತನಗೇ ಇಲ್ಲದೆ.

ಸರಿ ಮಾಡುವುದು ಸುಲಭವಿತ್ತು. ಒಂದು ಅಂಕಿಯನ್ನು ಚೂರು ಸರಿಸಿದರೆ ಸಾಕು, ಶ್ರುತಿ ಒಡೆದು ಅಪಸ್ವರವಾಗುತ್ತದೆ, ಮಕ್ಕಳು ಎದ್ದು ಹೋಗುತ್ತಾರೆ. ಬೆರಳು ಕೀಲಿಯ ಮೇಲಿತ್ತು. ಕೆಡಿಸುವ ಮೊದಲು ಒಮ್ಮೆ ನೋಡಿಯಾದರೂ ಬರಬೇಕು ಎನಿಸಿತು. ಸ್ಥಳ ನೋಡಿ ಬರುತ್ತೇನೆಂದು ಶ್ರೀಕಂಠಸ್ವಾಮಿಯವರಿಗೆ ಹೇಳಿ, ಹತ್ತು ಗಂಟೆ ದಾಟಿದ ಮೇಲೆ ಮಂದಾಕಿನಿ ಹೊರಟಳು.

ಬಂಕಿನಲ್ಲಿ ಪಂಪುಗಳಿದ್ದ ಸಿಮೆಂಟಿನ ಕಟ್ಟೆಗಳ ಮೇಲೆ ಮಕ್ಕಳು ಕೂತಿದ್ದರು. ಹತ್ತಿಪ್ಪತ್ತು ಮಂದಿ ಇದ್ದಾರು. ಬೀದಿದೀಪದ ಬೆಳಕು ಚಪ್ಪರದ ಅಂಚಿನವರೆಗಷ್ಟೇ ಬರುತ್ತಿತ್ತು. ಮಂದಾಕಿನಿ ಗೋಡೆಯ ಮರೆಯಲ್ಲಿ ನಿಂತು ಕಿವಿಗೊಟ್ಟಳು. ಶ್ರುತಿ ಕೇಳಿಸಲಿಲ್ಲ. ಜೀರುಂಡೆಯ ಸದ್ದು, ದೂರದ ನಾಯಿಯ ಬೊಗಳು, ಅಷ್ಟೇ. ಆ ಖಾಲಿತನದ ಮೇಲೆ ಮಕ್ಕಳು ಹಾಡುತ್ತಿದ್ದರು. ಹಾಡೂ ಅಲ್ಲ, ಸಿಟಿ ಬಸ್ಸು ನಿಲ್ಲುವ ಜಾಗಗಳ ಹೆಸರು.

"ಅಗ್ರಹಾರ... ಇಟ್ಟಿಗೆಗೂಡು... ಒಂಟಿಕೊಪ್ಪಲು..."

ನಡುವೆ ಒಬ್ಬ ಹುಡುಗ, "ಪಾಸ್ ಇದ್ಯಾ, ಪಾಸ್ ತೋರ್ಸು," ಎಂದು ಅದೇ ರಾಗದಲ್ಲಿ ಎಳೆದ. ಎಲ್ಲರೂ ನಕ್ಕರು. "ಏ ಜೋಯೆಲ್, ಸುಮ್ನಿರೋ," ಎಂದಿತು ಒಂದು ದೊಡ್ಡ ಹುಡುಗಿಯ ದನಿ. ಮತ್ತೆ ಶುರುವಾಯಿತು. ಈ ಸಲ ಒಬ್ಬಳೇ ಎತ್ತಿಕೊಂಡಳು. ಮಂದಾಕಿನಿ ಗೋಡೆಯನ್ನು ಹಿಡಿದುಕೊಂಡಳು. ದನಿ ಧಾತ್ರಿಯದು. ಆ ದನಿ ನಿಂತಿದ್ದ ನೆಲೆ ಸೀತಾರಾಮಯ್ಯನವರ ಷಡ್ಜ. ಅವರು ತೀರಿಕೊಂಡಾಗ ಧಾತ್ರಿ ತೊಟ್ಟಿಲಲ್ಲಿದ್ದಳು.

ಕಾಲು ತಾನಾಗಿ ಮುಂದೆ ಹೋಯಿತು. ಹಾಡು ನಿಂತಿತು.

"ಅಮ್ಮ." ಧಾತ್ರಿ ಎದ್ದು ನಿಂತಳು. "ಇಲ್ಲಿ ಬಯ್ಯಬೇಡ. ಮನೇಗ್ ಹೋಗಿ ಬಯ್ಯಿ."

"ಬಯ್ಯೋಕೆ ಬಂದಿಲ್ಲ ಕಣೇ."

"ಇವ್ರೇನಾ ಕೀರ್ಲು ಆಂಟಿ?" ಎಂದ ಜೋಯೆಲ್. ದೊಡ್ಡ ಹುಡುಗಿ ಅವನ ತಲೆಗೆ ಮೊಟಕಿ, ದುಪಟ್ಟಾ ಸರಿಮಾಡಿಕೊಂಡು ಮುಂದೆ ಬಂದಳು. ಹತ್ತೊಂಬತ್ತರ ಸಮೀನಾ, ಗಾರ್ಮೆಂಟ್ಸಿನಲ್ಲಿ ಮೆಷಿನ್ ತುಳಿಯುವವಳು. ಇಲ್ಲಿ ಎಲ್ಲರಿಗಿಂತ ದೊಡ್ಡವಳು.

"ಕೂತ್ಕೊಳ್ಳಿ ಆಂಟಿ. ಇಲ್ಲಿ ಯಾರೂ ಸಿಗರೇಟು ಗಿಗರೇಟು ಸೇದಲ್ಲ. ಹನ್ನೊಂದೂವರೆಗೆ ಚಿಕ್ಕವರನ್ನೆಲ್ಲ ನಾನೇ ಮನೆಗೆ ಬಿಟ್ಟು ಬರ್ತೀನಿ."

ಮಂದಾಕಿನಿ ಕಟ್ಟೆಯ ಮೇಲೆ ಕೂತಳು. ಸಿಮೆಂಟು ಇನ್ನೂ ಬೆಚ್ಚಗಿತ್ತು. "ಇಲ್ಲಿ ಏನು ಕೇಳ್ಸತ್ತೆ? ನಂಗೆ ಹೇಳಿ," ಎಂದಳು.

ಮಕ್ಕಳು ಮುಖ ಮುಖ ನೋಡಿಕೊಂಡರು. ದೊಡ್ಡವರು ಯಾರೂ ಅವರನ್ನು ಹಾಗೆ ಕೇಳಿದವರಿಲ್ಲ.

"ಜೇನುಗೂಡಿನ ಒಳಗೆ ಕೂತ ಹಾಗೆ," ಎಂದಿತು ಒಂದು ಪುಟ್ಟ ಹುಡುಗಿ.

"ಹೊರಗಿದ್ದಾಗ ಚುಚ್ಚತ್ತೆ. ಈ ಚಪ್ಪರದ ಗೆರೆ ದಾಟಿ ಒಳಗೆ ಬಂದ್ರೆ ಹಿಡ್ಕೊಳತ್ತೆ," ಎಂದ ಜೋಯೆಲ್.

ಧಾತ್ರಿ ತಾಯಿಯ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ತಲೆ ಒಳಗೇ ಯಾರೋ ತಂಬೂರಿ ಮೀಟ್ತಾ ಇದ್ದ ಹಾಗಮ್ಮ. ಇಲ್ಲಿ ಒಂದು ಗಂಟೆ ಕೂತು ತುಂಬ್ಕೊಂಡು ಹೋದ್ರೆ, ಮನೇಲಿ ಕೀರ್ಲು ಕೂಗಿದ್ರೂ ನಿದ್ದೆ ಬರತ್ತೆ. ಇಲ್ದಿದ್ರೆ ಬರಲ್ಲ."

ಆಗ ಮಂದಾಕಿನಿ ಎಲ್ಲವನ್ನೂ ಹೇಳಿದಳು. ಶ್ರುತಿ ಹೇಗೆ ಬಂತು, ಅದನ್ನು ಯಾರು ಕಟ್ಟಿದ್ದು, ನಾಳೆಯ ಎರಡನೇ ಹಂತ, ಒಂದು ಅಂಕಿ ಸರಿಸಿದರೆ ಆಗುವುದು. ಮಕ್ಕಳು ತಕರಾರಿಲ್ಲದೆ ಕೇಳಿದರು. ಕೊನೆಗೆ ಸಮೀನಾ ಕೇಳಿದಳು, "ಮೂರನೇ ದಾರಿ ಇಲ್ವಾ ಆಂಟಿ?"

"ಒಂದಿದೆ. ಈ ಮೂರು ಕಂಬಾನ ಪೂರ್ತಿ ಆರಿಸಿಬಿಡೋದು. ಓಡಿಸೋಕೆ ನೆಟ್ಟ ಕಂಬ ಕರ್ಕೊಂಡು ಬರ್ತಿದೆ, ಕೆಟ್ಟಿದೆ, ಪರೀಕ್ಷೆ ಆಗ್ಬೇಕು ಅಂತ ನಾನು ನನ್ನ ಹೆಸರಲ್ಲೇ ಹಾಕಿ ಆರಿಸ್ಬೋದು. ಹೊರಗಿನ ಪರಿಣತರು ಬಂದು ನೋಡೋವರೆಗೂ ಯಾರೂ ಅದನ್ನ ಹಾಕೋ ಹಾಗಿಲ್ಲ, ಏರಿಸೋ ಹಾಗೂ ಇಲ್ಲ. ಆದ್ರೆ ಕೀರ್ಲಿನ ಜೊತೆ ಶ್ರುತೀನೂ ಹೋಗತ್ತೆ."

"ನಿಮ್ ಕೆಲ್ಸ?" ಎಂದಳು ಸಮೀನಾ.

"ಅದು ನಾಳೆ ಗೊತ್ತಾಗತ್ತೆ."

ಪುಟ್ಟ ಹುಡುಗಿ, "ಶ್ರುತಿ ಇಲ್ದಿದ್ರೆ ಇದು ಬರೀ ಹಳೇ ಬಂಕು," ಎಂದಿತು. ಮನೆಯ ಬೀದಿಯ ಕಂಬ ಈ ಮೂರರಲ್ಲಿ ಸೇರಿರಲಿಲ್ಲ; ಈ ಜಾಗ ಮುಗಿದರೆ ತನ್ನ ನಿದ್ದೆಯೂ ಮುಗಿಯಿತು ಎಂಬುದು ಧಾತ್ರಿಯ ಮುಖದಲ್ಲಿ ಕಾಣುತ್ತಿತ್ತು. ಅವಳು ತಲೆಯೆತ್ತಿ ಚಪ್ಪರದ ತಗಡನ್ನು ನೋಡಿದಳು.

"ಆರಿಸಮ್ಮ," ಎಂದಳು. "ವಾಂತಿ ಮಾಡ್ಕೊಂಡು ಓಡೋದಕ್ಕಿಂತ ಅದೇ ವಾಸಿ. ಆದ್ರೆ ಈಗ ಅಂತ ಹೇಳಬೇಡ. ನಾವು ಹಾಡ್ತಾ ಇರುವಾಗ ಆರಿಸ್ಬಿಡು."

ಮತ್ತೆ ಅಗ್ರಹಾರದಿಂದ ಶುರುಮಾಡಿದರು. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಬಿಟ್ಟುಹೋಗುವ ಊರನ್ನು ರೈಲಿನ ಕಿಟಕಿಯಿಂದ ನೋಡುವವರಂತೆ ಒಂದೊಂದು ಹೆಸರನ್ನೂ ಎಳೆದು ಎಳೆದು ಹೇಳಿದರು. ಮಂದಾಕಿನಿ ಫೋನು ತೆಗೆದು, ತನ್ನ ಹೆಸರು ಬರೆದು, ಕಾರಣ ಬರೆದು, ದೇವರನ್ನು ನೆನೆದು ಒತ್ತಿದಳು.

ಅವಳಿಗೆ ಏನೂ ಬದಲಾಗಲಿಲ್ಲ. ಮಕ್ಕಳಿಗೆ ಮಾತ್ರ ಕಾಲ ಕೆಳಗಿನ ನೆಲ ಸರಿದಂತಾಯಿತು. ಜೋಯೆಲ್‌ನ ದನಿ ಮೇಲಕ್ಕೆ ಜಾರಿತು. ಧಾತ್ರಿಯ ದನಿ ಕುಸಿಯಿತು. ಪುಟ್ಟ ಹುಡುಗಿ ಬಾಯಿ ತೆರೆದು ಹಾಗೇ ನಿಂತಿತು. ಒಬ್ಬೊಬ್ಬರಾಗಿ ನಿಲ್ಲಿಸಿದರು, ತಲೆಯೆತ್ತಿ ಕತ್ತಲೆಯನ್ನು ನೋಡಿದರು.

ಒಂದು ದನಿ ನಿಲ್ಲಲಿಲ್ಲ. ಕೂದಲೆಳೆಯಷ್ಟೂ ಅಲುಗದೆ, ಇದ್ದ ಷಡ್ಜದ ಮೇಲೆಯೇ ಇಟ್ಟಿಗೆಗೂಡು ದಾಟಿ ಒಂಟಿಕೊಪ್ಪಲಿಗೆ ಬಂತು. ಸಮೀನಾ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದಳು. ಜೊತೆಗೆ ಯಾರೂ ಹಾಡುತ್ತಿಲ್ಲವೆಂದು ತಿಳಿದಾಗ ಕಣ್ಣು ಬಿಟ್ಟಳು.

"ಯಾಕೆ ನಿಲ್ಲಿಸಿದ್ರಿ?"

"ಸಮೀನಕ್ಕಾ, ಹೋಯ್ತಲ್ಲ," ಎಂದ ಜೋಯೆಲ್. "ನಿಂಗ್ ಗೊತ್ತಾಗ್ಲಿಲ್ವಾ?"

ಸಮೀನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು. "ನಂಗೆ ಅದು ಕೇಳ್ಸೋದು ನಿಂತು ತುಂಬಾ ದಿನ ಆಯ್ತು ಕಣೋ. ಮೆಷಿನ್ ಸದ್ದು ಕಿವಿ ತಿಂದ್ಹಾಕ್ತೋ, ವಯಸ್ಸಾಯ್ತೋ. ಹೇಳಿದ್ರೆ ಇನ್ನು ಬರ್ಬೇಡ ಅಂತೀರೇನೋ ಅಂತ ಸುಮ್ನಿದ್ದೆ."

"ಮತ್ತೆ ಹೇಗ್ ಹಾಡ್ತಿದ್ದೆ?"

"ನಿಮ್ ಬಾಯಿಂದ ತಗೋತಿದ್ದೆ. ಆಮೇಲೆ ಮೆಷಿನ್ ಮುಂದೆ ಕೂತು ದಿನವಿಡೀ ಅದನ್ನೇ ಹಿಡ್ಕೊಂಡಿರ್ತಿದ್ದೆ, ಎಲ್ಲಿ ತಪ್ಪಿಹೋಗತ್ತೋ ಅಂತ."

ಮಂದಾಕಿನಿಯ ಫೋನು ನಡುಗಿತು. ಶ್ರೀಕಂಠಸ್ವಾಮಿ. ಅವಳು ಚಪ್ಪರದ ಅಂಚಿಗೆ ಹೋಗಿ ಮಾತಾಡಿದಳು. "ಹೌದು ಸಾರ್, ನಾನೇ ಆರಿಸಿದ್ದು... ಹೌದು, ಹೆಸರು ನಂದೇ... ಗುಂಪು ಚೆದರಿಲ್ಲ ಸಾರ್, ಚೆದರೋ ಹಾಗೂ ಕಾಣ್ಸಲ್ಲ... ಆಯ್ತು, ಬೆಳಿಗ್ಗೆ ಬರ್ತೀನಿ." ಅತ್ತಲಿನ ದನಿ ಗಡುಸಾಗಿತ್ತು. ಮುಂದಿನ ತಿಂಗಳು ಈ ಕೆಲಸ ಇರುವುದು ಅನುಮಾನವೆಂದು ಅವಳಿಗೆ ತಿಳಿಯಿತು.

ಹಿಂದಿರುಗಿ ನೋಡಿದರೆ ಮಕ್ಕಳು ಸಮೀನಾಳ ಸುತ್ತ ಒತ್ತಾಗಿ ಕೂತಿದ್ದರು. ಅವಳು ಷಡ್ಜ ಹಿಡಿದಿದ್ದಳು. ಜೋಯೆಲ್ ತಡಕಾಡಿ ತಡಕಾಡಿ ಅದನ್ನು ಮುಟ್ಟಿದ, ಜಾರಿದ, ಮತ್ತೆ ಮುಟ್ಟಿದ. ಪುಟ್ಟ ಹುಡುಗಿಗೆ ಪಂಚಮ ಸಿಕ್ಕಿತು. ಈಗಿನದು ಮಂದಾಕಿನಿಗೂ ಕೇಳುತ್ತಿತ್ತು. ಅವಳು ಮೆಲ್ಲಗೆ ಬಂದು ಕಟ್ಟೆಯ ಮೇಲೆ ಕೂತಳು.

ಧಾತ್ರಿ ಹಾಡುತ್ತಿರಲಿಲ್ಲ. ತಾಯಿಯ ತೋಳಿಗೆ ತಲೆಯಾನಿಸಿ, "ಸದ್ದೇ ಇಲ್ಲಮ್ಮ ಇಲ್ಲಿ," ಎಂದಳು, ಇಷ್ಟೊಂದು ಜನ ಹಾಡುತ್ತಿರುವಾಗ. ಆಮೇಲೆ ತಲೆ ತೋಳಿನಿಂದ ಮಡಿಲಿಗೆ ಜಾರಿತು. ಉಸಿರು ಉದ್ದವಾಯಿತು.

"ಆಂಟಿ, ಎಬ್ಬಿಸ್ಲಾ? ಹನ್ನೊಂದೂವರೆ ಆಯ್ತು," ಎಂದು ಜೋಯೆಲ್ ಬಗ್ಗಿ ಕೇಳಿದ.

ಮಂದಾಕಿನಿ ಬೇಡವೆಂದು ತಲೆಯಾಡಿಸಿದಳು. ಸಮೀನಾ ದನಿಯನ್ನು ತಗ್ಗಿಸಿದಳು, ನಿಲ್ಲಿಸಲಿಲ್ಲ. ಕಾಲು ಜೋಮು ಹಿಡಿದರೂ ಅಲುಗದೆ ತಾಯಿ ಹಾಗೆಯೇ ಕೂತಿದ್ದಳು.